ಕೇಪಿನ ಕೋವಿ ಜೊತೆ ಆರು ವರ್ಷ: .50 ಕ್ಯಾಲಿಬರ್ ರೈಫಲ್ ಬಗ್ಗೆ ನನ್ನ ಅನುಭವ

ಈ ರೈಫಲ್ ತಗೊಂಡು ಆರು ವರ್ಷ ಆಯಿತು. ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಅಂದರೆ ಕೇಪು ಅನ್ನೋ ಪುಟ್ಟ ಲೋಹದ ಟೋಪಿ ಸಿಡಿದು ಮದ್ದು ಹೊತ್ತಿಸುವಂಥದ್ದು. .50 ಕ್ಯಾಲಿಬರ್ (ಅರ್ಧ ಇಂಚಿನ ತೂತು), 28 ಇಂಚಿನ ನಳಿಗೆ, ಒಳಗೆ ಗುಂಡನ್ನು ತಿರುಗಿಸೋದಕ್ಕೆ 48 ಇಂಚಿಗೆ ಒಂದು ಸುತ್ತಿನ ಲೆಕ್ಕದಲ್ಲಿ ತಿರುಚಿದ ಗೀರು. ಬೇಟೆಗಲ್ಲ, ಗುರಿ ಹೊಡೆಯೋದಕ್ಕೆ ಮಾತ್ರ. ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗುತ್ತೇನೆ, ಹೆಚ್ಚಾಗಿ 50 ಮೀಟರ್. ಮೊದಲ ವರ್ಷವೇ ವಿಮರ್ಶೆ ಬರೆದಿದ್ದರೆ ಬೈದು ಬರೆಯುತ್ತಿದ್ದೆ. ಈಗ ಇದನ್ನು ಯಾರಿಗೂ ಬಿಟ್ಟುಕೊಡೋ ಮನಸ್ಸಿಲ್ಲ.

ಆಗ ಗುಂಡುಗಳು ಊಟದ ತಟ್ಟೆಯಷ್ಟು ಅಗಲಕ್ಕೆ ಚೆದುರುತ್ತಿದ್ದವು. ನಳಿಗೆಯೇ ಸರಿ ಇಲ್ಲ ಅಂದುಕೊಂಡೆ. ಮದ್ದು ಜಾಸ್ತಿ ಮಾಡಿ ನೋಡಿದೆ, 80 ಗ್ರೇನ್ (ಸುಮಾರು 5 ಗ್ರಾಂ) ತನಕ ಹೋದೆ, ಇನ್ನೂ ಕೆಟ್ಟಿತು. ಪಕ್ಕದಲ್ಲಿ ಹೊಡೆಯುತ್ತಿದ್ದ ಹಿರಿಯರೊಬ್ಬರು ಕೇಳಿದರು, "ಹೊಡೆದ ಬಟ್ಟೆ ಎತ್ತಿ ನೋಡಿದೀರಾ?"

ನೋಡಿರಲಿಲ್ಲ. ಎಲ್ಲರೂ ಹೊಡೆಯೋದು ನಿಲ್ಲಿಸಿದ ಮೇಲೆ ಹೋಗಿ ಹುಡುಕಿದೆ. ಗುಂಡಿಗೆ ಸುತ್ತುವ ಆ ಹತ್ತಿ ಬಟ್ಟೆ ನಳಿಗೆಯ ಮುಂದೆ ಕೆಲವೇ ಮೀಟರ್ ದೂರದಲ್ಲಿ ಬಿದ್ದಿರುತ್ತದೆ. ನನ್ನ ಬಟ್ಟೆಗಳೆಲ್ಲ ನಡುವೆ ಸುಟ್ಟು ತೂತಾಗಿದ್ದವು. ಗುಂಡು ನಳಿಗೆಗಿಂತ ಸ್ವಲ್ಪ ಚಿಕ್ಕದು, .490 ಇಂಚು. ಗೀರನ್ನು ಹಿಡಿದು ಗುಂಡನ್ನು ತಿರುಗಿಸೋದೂ ಹಿಂದಿನ ಬಿಸಿ ಗಾಳಿಯನ್ನು ತಡೆಯೋದೂ ಆ ಬಟ್ಟೆಯೇ. ಅದು ಸುಟ್ಟರೆ ಗುಂಡು ಎಲ್ಲಿಗೆ ಬೇಕಾದರೂ ಹೋಗುತ್ತದೆ, ಅಲ್ವಾ?

ಒತ್ತಾಗಿ ನೇಯ್ದ, .015 ಇಂಚು ದಪ್ಪದ ಹತ್ತಿ ಬಟ್ಟೆಗೆ ಬದಲಾಯಿಸಿದೆ. ಜೇನುಮೇಣ ಮತ್ತು ಆಲಿವ್ ಎಣ್ಣೆ ಕರಗಿಸಿ ಸವರಿದೆ. ಎಂಜಿನ್ ಆಯಿಲ್ ಥರದ್ದು ಬೇಡ, ಕರಿಮದ್ದಿನ ಮಸಿಯ ಜೊತೆ ಸೇರಿ ಟಾರಿನಂತೆ ಅಂಟುತ್ತದೆ. ಮದ್ದನ್ನು ಎಫ್‌ಎಫ್‌ಜಿ (ನಡುಗಾತ್ರದ ಕಾಳಿನ ಕರಿಮದ್ದು) 50 ಗ್ರೇನಿಗೆ ಇಳಿಸಿದೆ. ಈಗ ಎತ್ತಿದ ಬಟ್ಟೆಯಲ್ಲಿ ನಡುವೆ ಒಂದು ಬೂದು ವೃತ್ತ, ಅಂಚಲ್ಲಿ ಸ್ವಲ್ಪ ನೂಲು ಬಿಟ್ಟಿರುತ್ತದೆ, ಅಷ್ಟೇ. ಗುರಿಹಾಳೆಯಲ್ಲಿ ಹತ್ತು ಗುಂಡೂ ಒಂದು ಮುಷ್ಟಿ ಮುಚ್ಚುವಷ್ಟು ಜಾಗದಲ್ಲಿ ಬೀಳುತ್ತವೆ. ಕೋವಿ ಅದೇ, ನಳಿಗೆ ಅದೇ.

ಮದ್ದಿನಲ್ಲಿ 75 ಪಾಲು ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಗಟ್ಟಿ ಪದಾರ್ಥವಾಗಿಯೇ ಉಳಿಯುತ್ತದೆ. ಸುಮ್ನೆ ಬಿಟ್ಟರೆ ನಾಲ್ಕನೇ ಗುಂಡು ತುಂಬುವಾಗ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರತಿ ಹೊಡೆತದ ನಂತರ ಒದ್ದೆ ಬಟ್ಟೆ ಒಂದು ಸಲ, ಒಣ ಬಟ್ಟೆ ಒಂದು ಸಲ ಎಳೆಯುತ್ತೇನೆ. ಎಂಎಲ್‌ಎಐಸಿ (ಬಾಯಿಂದ ತುಂಬುವ ಕೋವಿಗಳ ಅಂತರರಾಷ್ಟ್ರೀಯ ಸಂಸ್ಥೆ) ಸ್ಪರ್ಧೆಗಳಲ್ಲಿ 30 ನಿಮಿಷಕ್ಕೆ 13 ಗುಂಡು, ಅದರಲ್ಲಿ ಒಳ್ಳೆಯ 10 ಲೆಕ್ಕಕ್ಕೆ. ಅಂದರೆ ಒರೆಸಿಕೊಂಡು ಹೊಡೆಯೋದಕ್ಕೆ ಸಮಯ ಬೇಕಾದಷ್ಟಿದೆ.

ಇನ್ನು ದೂರುಗಳು. ಗುಂಡನ್ನು ನಳಿಗೆಯೊಳಗೆ ತಳ್ಳೋದಕ್ಕೆ ಜೊತೆಗೆ ಬಂದ ಮರದ ಗಜ (ಉದ್ದ ಕೋಲು) ಎರಡನೇ ವರ್ಷ ಉದ್ದಕ್ಕೆ ಸೀಳಿತು, ಕೈಗೆ ಚುಚ್ಚದೆ ಉಳಿದದ್ದು ಪುಣ್ಯ. ಕಂಪನಿಗೆ ಬರೆದರೆ ಮರಕ್ಕೆ ಗ್ಯಾರಂಟಿ ಇಲ್ಲ ಅಂದರು. ಈ ಬೆಲೆಯ ಕೋವಿಗೆ ಇದು ಸರಿಯಲ್ಲ. ಈಗ ಹಿತ್ತಾಳೆಯ ಗಜ ಇದೆ. ಕೇಪು ಕೂರಿಸುವ ನಿಪ್ಪಲಿನ ತೂತು ಸುಟ್ಟು ದೊಡ್ಡದಾಗಿ, ಹೊಡೆದಾಗ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಹಿಂದಕ್ಕೆ ನೆಗೆಯೋದಕ್ಕೆ ಶುರುವಾಯಿತು. ಹೊಸದು ಹಾಕಿದ ಮೇಲೆ ಸರಿಹೋಯಿತು. ಕನ್ನಡಕ ಇಲ್ಲದೆ ಯಾವತ್ತೂ ನಿಲ್ಲಬೇಡಿ, ಕೇಪಿನ ಚೂರು ಮುಖಕ್ಕೇ ಬರುತ್ತದೆ.

ಒಂದು ಸಲ ಯಾರ ಜೊತೆಗೋ ಮಾತಾಡುತ್ತಾ ಮದ್ದೇ ಹಾಕದೆ ಗುಂಡು ಇಳಿಸಿಬಿಟ್ಟೆ. ಸರಿಯಾಗಿ ತುಂಬಿದಾಗ ಗಜ ಎಷ್ಟು ಒಳಗೆ ಹೋಗುತ್ತದೆ ಅಂತ ಅದರ ಮೇಲೆ ಗುರುತು ಗೀಚಿಟ್ಟಿದ್ದೆ, ಆ ದಿನ ಗುರುತು ನಳಿಗೆಯ ಬಾಯಿಯಿಂದ ಕೆಳಗೆ ಹೋಗಿತ್ತು. ಅದರಿಂದಲೇ ಗೊತ್ತಾಯಿತು. ರೇಂಜಿನವರಿಗೆ ಹೇಳಿ, ನಿಪ್ಪಲ್ ಬಿಚ್ಚಿ, ಆ ತೂತಿನಿಂದ ಚಿಟಿಕೆ ಮದ್ದು ತೂರಿಸಿ, ನಳಿಗೆ ಗುರಿಯ ಕಡೆಗೇ ಇಟ್ಟು ಹೊಡೆದು ತೆಗೆದೆವು. ಇದೇ ಗುರುತು ಇನ್ನೊಂದು ಅಪಾಯವನ್ನೂ ಹೇಳುತ್ತದೆ. ಅದು ಮೇಲೆ ನಿಂತಿದ್ದರೆ ಗುಂಡಿಗೂ ಮದ್ದಿಗೂ ನಡುವೆ ಜಾಗ ಇರಬಹುದು, ಹಾಗೆ ಹೊಡೆದರೆ ನಳಿಗೆ ಉಬ್ಬುತ್ತದೆ ಇಲ್ಲವೇ ಸಿಡಿಯುತ್ತದೆ. ಮದ್ದಿನ ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ, ಒಳಗೆ ಕಿಡಿ ಉಳಿದಿದ್ದರೆ ಡಬ್ಬಿಯೇ ಹೊತ್ತಿಕೊಳ್ಳುತ್ತದೆ. ಅಳತೆಯ ಲೋಟದಿಂದ ಹಾಕಿ. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದು ಚಿಟಿಕೆಯೂ ಬೇಡ.

ತೊಳೆಯೋದು ಮಾತ್ರ ಬಹಳ ಸುಲಭ, ವಿನ್ಯಾಸ ಮಾಡಿದವರನ್ನು ಹೊಗಳಲೇಬೇಕು. ಬೆಣೆ ತೆಗೆದರೆ ನಳಿಗೆ ಮರದಿಂದ ಬಿಟ್ಟು ಬರುತ್ತದೆ. ಅದರ ಬುಡವನ್ನು ಸೋಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಗಜಕ್ಕೆ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಎಳೆದರೆ ನೀರು ತಾನಾಗಿ ಒಳಗೆ ಏರುತ್ತದೆ. ಮೊದಲು ಕಡುಕಪ್ಪು, ಕೊಳೆತ ಮೊಟ್ಟೆಯ ವಾಸನೆ. ನೀರು ಎರಡು ಸಲ ಬದಲಾಯಿಸಿದರೆ ತಿಳಿಯಾಗುತ್ತದೆ. ಒಣಗಿಸಿ ಎಣ್ಣೆ ಸವರಿಟ್ಟು, ಮರುದಿನ ಬೆಳಿಗ್ಗೆ ಬಿಳಿ ಬಟ್ಟೆಯೊಂದನ್ನು ತೂರಿಸಿ ನೋಡುತ್ತೇನೆ. ಕಂದು ಬಣ್ಣ ಹತ್ತಿದರೆ ಮತ್ತೆ ಬಕೆಟ್ ತರುತ್ತೇನೆ.