ಪ್ರೇಮಕಥೆಯೊಳಗಿನ ಪೆಟ್ಟು

ಕಾಲೀನ್ ಹೂವರ್ ಅವರ 'ಇಟ್ ಎಂಡ್ಸ್ ವಿತ್ ಅಸ್' (2016) ಕಾದಂಬರಿಯನ್ನು ಹಗುರವಾದ ಪ್ರೇಮಕಥೆಯೆಂದೇ ಭಾವಿಸಿ ಕೈಗೆತ್ತಿಕೊಂಡೆ. ಬಾಸ್ಟನ್ ನಗರದಲ್ಲಿ ಹೂವಿನ ಅಂಗಡಿ ತೆರೆಯುವ ಲಿಲಿ, ನರಶಸ್ತ್ರವೈದ್ಯ ರೈಲ್‌ನನ್ನು ಮೆಚ್ಚುವವರೆಗೆ ಕಥೆ ಪರಿಚಿತ ದಾರಿಯಲ್ಲೇ ಸಾಗುತ್ತದೆ. ಆಮೇಲೆ ಅಡುಗೆಮನೆಯ ಆ ಪ್ರಸಂಗ ಬರುತ್ತದೆ: ಒವನ್‌ನಿಂದ ಬಿಸಿ ಪಾತ್ರೆಯನ್ನು ಬರಿಗೈಯಲ್ಲಿ ತೆಗೆಯಹೋಗಿ ರೈಲ್ ಕೈ ಸುಟ್ಟುಕೊಳ್ಳುತ್ತಾನೆ, ಲಿಲಿಗೆ ನಗು ಬರುತ್ತದೆ, ಮರುಗಳಿಗೆಯೇ ಅವನು ಅವಳ ಮೇಲೆ ಕೈಮಾಡುತ್ತಾನೆ. ತಂದೆಯಿಂದ ತಾಯಿ ಹೊಡೆತ ತಿನ್ನುವುದನ್ನು ಕಂಡೇ ಬೆಳೆದವಳು, ಅಂಥದ್ದನ್ನು ತಾನೆಂದೂ ಸಹಿಸುವುದಿಲ್ಲ ಎಂದುಕೊಂಡಿದ್ದವಳು, ಅವನ ಪಶ್ಚಾತ್ತಾಪವನ್ನು ನಂಬುತ್ತಾ ಹೋಗುವ ಬಗೆಯನ್ನು ಲೇಖಕಿ ಅವಸರಪಡದೆ ಬಿಡಿಸಿಟ್ಟಿದ್ದಾರೆ. "ಬಿಟ್ಟು ಬರಬಾರದಿತ್ತೇ?" ಎಂದು ನಾವು ಸಲೀಸಾಗಿ ಕೇಳುವ ಪ್ರಶ್ನೆ ಎಷ್ಟು ಕ್ರೂರವೆಂಬುದು ಆ ಪುಟಗಳಲ್ಲಿ ನನಗೆ ಅರಿವಾಯಿತು. ತಮ್ಮ ತಾಯಿಯ ಬದುಕೇ ಇದಕ್ಕೆ ಪ್ರೇರಣೆ ಎಂದು ಲೇಖಕಿ ಕೊನೆಯ ಟಿಪ್ಪಣಿಯಲ್ಲಿ ಬರೆದಿದ್ದಾರೆ. ದಯವಿಟ್ಟು ಅದನ್ನು ಮೊದಲೇ ಓದಬೇಡಿ.

ಭಾಷೆ ಸರಳ, ಕೆಲವೆಡೆ ತೀರಾ ತೆಳು. ಲಿಲಿಯ ಹದಿಹರೆಯದ ದಿನಗಳ ಗೆಳೆಯ ಅಟ್ಲಾಸ್‌ನಲ್ಲಿ ಹೇಳಿಕೊಳ್ಳುವಂಥ ಕುಂದೇ ಇಲ್ಲದಿರುವುದು, ಅವನು ಬೇಕಾದ ಹೊತ್ತಿಗೆ ಎದುರಾಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಹೂವಿನ ಮುಖಪುಟ ನೋಡಿ ಇದನ್ನು ಮಕ್ಕಳ ಕೈಗೆ ಕೊಡುವ ಮುನ್ನ, ಹಿಂಸೆಯ ಜತೆಗೆ ಲೈಂಗಿಕ ವಿವರಗಳೂ ಇವೆಯೆಂಬುದನ್ನು ಹಿರಿಯರು ತಿಳಿದಿರಬೇಕು.