ಮೇಲೆ ಹೋಗಿದ್ದು ಏನು? ಕಣ್ಣು, ಬೈನಾಕ್ಯುಲರ್, ಟೆಲಿಸ್ಕೋಪ್, ಫೋನ್: ನಾಲ್ಕನ್ನೂ ಬಳಸಿ ನೋಡಿದ್ದೇನೆ

ನನಗೆ ನಕ್ಷತ್ರಗಳ ಹೆಸರು ಅಷ್ಟಾಗಿ ಬರುವುದಿಲ್ಲ. ನನ್ನ ಹುಚ್ಚು ಬೇರೆ. ಆಕಾಶದಲ್ಲಿ ಏನಾದರೂ ವಿಚಿತ್ರ ಕಂಡರೆ ಅದೇನು ಅಂತ ಗೊತ್ತಾಗುವ ತನಕ ಊಟ ಸೇರುವುದಿಲ್ಲ.

ಇದು ಶುರುವಾಗಿದ್ದು ಯಲಹಂಕದ ಹತ್ತಿರದ ನಮ್ಮ ಮನೆ ತಾರಸಿಯಲ್ಲಿ. ಒಣಗಿದ ಬಟ್ಟೆ ತೆಗೆಯಲು ಹೋಗಿದ್ದೆ. ಪಶ್ಚಿಮದಿಂದ ಒಂದು ಬೆಳಕು ಬಂತು. ಮಿನುಗಲಿಲ್ಲ, ಸದ್ದಿಲ್ಲ. ನೆತ್ತಿ ದಾಟಿ ಪೂರ್ವಕ್ಕೆ ವಾಲುವಾಗ ಸ್ವಿಚ್ ಆಫ್ ಮಾಡಿದ ಹಾಗೆ ಆರಿಹೋಯಿತು. ಒಂದು ಚೂರೂ ಮೋಡ ಇರಲಿಲ್ಲ. ಕೆಳಗಿಳಿದು ಅಮ್ಮನಿಗೆ ಹೇಳಿದರೆ, “ವಿಮಾನ ಇರಬೇಕು ಬಿಡೋ, ಬಟ್ಟೆ ಎಲ್ಲಿ?” ಅಂದರು.

ಆಮೇಲೆ ಬೈನಾಕ್ಯುಲರ್ ಬಂತು, ಟೆಲಿಸ್ಕೋಪ್ ಬಂತು, ಫೋನಿನಲ್ಲಿ ಮೂರು ಆ್ಯಪ್ ಬಂದವು. ಚಂದ್ರ, ಗ್ರಹ ನೋಡಲು ಯಾವುದು ಒಳ್ಳೆಯದು ಅನ್ನುವುದು ಇಲ್ಲಿನ ವಿಷಯ ಅಲ್ಲ. “ಅದೇನು?” ಅನ್ನುವ ಪ್ರಶ್ನೆಗೆ ಯಾವುದು ಉತ್ತರ ಕೊಟ್ಟಿತು ಅಂತ ಮಾತ್ರ ಹೇಳುತ್ತೇನೆ.

ಮೊದಲು ಟೆಲಿಸ್ಕೋಪ್, ಯಾಕೆಂದರೆ ಜಾಸ್ತಿ ದುಡ್ಡು ಹೋಗಿದ್ದು ಅದಕ್ಕೆ. 70 ಮಿ.ಮೀ. ಮಸೂರ, 900 ಮಿ.ಮೀ. ಉದ್ದದ ನಾಭಿದೂರ (ಮಸೂರದಿಂದ ಬಿಂಬ ಮೂಡುವ ಜಾಗದವರೆಗಿನ ದೂರ). 25 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಮಸೂರ) ಹಾಕಿದರೆ 36 ಪಟ್ಟು ದೊಡ್ಡದಾಗಿ ಕಾಣುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಅದರಲ್ಲಿ ಕಾಣುವ ಆಕಾಶದ ಅಗಲ ಒಂದೂವರೆ ಡಿಗ್ರಿಯೂ ಇಲ್ಲ. ಮೂರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟರೆ ತುಂಬಿಹೋಗುತ್ತದೆ. ನೆತ್ತಿಯ ಮೇಲೆ ಓಡುವ ಉಪಗ್ರಹ ಇಷ್ಟು ಜಾಗವನ್ನು ಒಂದೆರಡು ಸೆಕೆಂಡಿನಲ್ಲಿ ದಾಟುತ್ತದೆ. ಜೊತೆಗೆ ಎಡಬಲ ಅದಲುಬದಲು. ನಾನು ಟ್ಯೂಬ್ ತಿರುಗಿಸುವಷ್ಟರಲ್ಲಿ ಅದು ಆಂಧ್ರದ ಮೇಲೆ ಹೋಗಿರುತ್ತದೆ.

ಒಂದೇ ಒಂದು ಸಲ ಅದು ಗೆದ್ದಿತು. 2025ರ ಫೆಬ್ರವರಿಯಲ್ಲಿ ಸಂಜೆ ಪಶ್ಚಿಮದಲ್ಲಿ ಕಣ್ಣು ಕುಕ್ಕುವ ಬೆಳಕು. ನಮ್ಮ ಬೀದಿಯ ಒಬ್ಬರು ಅದು ಡ್ರೋನ್ ಅಂತ ವಾದಕ್ಕೇ ನಿಂತರು. ಟೆಲಿಸ್ಕೋಪ್ ಇಟ್ಟು ತೋರಿಸಿದೆ. ಬಿದಿಗೆ ಚಂದ್ರನ ಹಾಗೆ ಪುಟ್ಟ ಕುಡುಗೋಲು! ಶುಕ್ರ, ನಮ್ಮ ಬೆಳ್ಳಿಚುಕ್ಕಿ. ಭೂಮಿಯ ಹತ್ತಿರ ಬರುತ್ತಾ ಬರುತ್ತಾ ಅದು ಹೀಗೆ ತೆಳ್ಳಗಾಗುತ್ತದೆ. ಡ್ರೋನ್ ವಾದ ಅಲ್ಲಿಗೆ ಮುಗಿಯಿತು. ಟೆಲಿಸ್ಕೋಪ್ ಈಗ ಅಟ್ಟದ ಮೇಲಿದೆ.

ಬೈನಾಕ್ಯುಲರ್ ನನ್ನದು 10x50. ಅಂದರೆ ಹತ್ತು ಪಟ್ಟು, ಮುಂದಿನ ಗಾಜು 50 ಮಿ.ಮೀ. ಕೈ ನಡುಗುತ್ತದೆ, ಹಾಗಾಗಿ ಮೊಣಕೈಯನ್ನು ತಾರಸಿ ಗೋಡೆಗೆ ಊರಿ ಹಿಡಿಯಬೇಕು. ಸೂರ್ಯನ ಕಡೆಗೆ ಮಾತ್ರ ತಿರುಗಿಸಲೇಬಾರದು. ಸುಮಾರು ಆರು ಡಿಗ್ರಿ ಕಾಣುವುದರಿಂದ ಓಡುವ ವಸ್ತುವಿನ ಹಿಂದೆಯೇ ಹೋಗಬಹುದು. ಕಣ್ಣಿಗೆ ಒಂದೇ ಚುಕ್ಕಿಯಾಗಿದ್ದ ವಿಮಾನ ಇದರಲ್ಲಿ ಎರಡು ಮೂರು ದೀಪವಾಗಿ ಒಡೆಯುತ್ತದೆ. ಉಪಗ್ರಹ ಎಷ್ಟು ನೋಡಿದರೂ ಚುಕ್ಕಿಯೇ.

ಇದರ ನಿಜವಾದ ಬೆಲೆ ತಿಳಿದದ್ದು 2024ರ ಅಕ್ಟೋಬರ್ ಮಧ್ಯದಲ್ಲಿ, ತ್ಸುಚಿನ್ಶಾನ್-ಅಟ್ಲಾಸ್ ಧೂಮಕೇತು ಬಂದಾಗ. ಬೆಂಗಳೂರಿನಲ್ಲಿ ಆಗ ಮಳೆಯೋ ಮಳೆ. ಒಂದು ಸಂಜೆ ಮಾತ್ರ ಮೋಡ ಸ್ವಲ್ಪ ಸರಿಯಿತು. ಬರಿಗಣ್ಣಿಗೆ ಏನೂ ಇಲ್ಲ, ಬೀದಿದೀಪದ ಮಬ್ಬು ಅಷ್ಟೇ. ಬೈನಾಕ್ಯುಲರ್‌ನಲ್ಲಿ ಶುಕ್ರನಿಂದ ಮೇಲೆ, ಬಲಕ್ಕೆ ಹುಡುಕಿದೆ. ಹತ್ತಿ ಉಜ್ಜಿದ ಹಾಗೆ ಒಂದು ಗುರುತು, ಮೇಲಕ್ಕೆ ಗಿಡ್ಡ ಬಾಲ. ಐದು ನಿಮಿಷ ಸಿಕ್ಕಿತು, ಮತ್ತೆ ಮೋಡ. ಅದೇ ರಾತ್ರಿ ಸುಮ್ನೆ ಟೆಲಿಸ್ಕೋಪ್ ಹೊತ್ತು ತಂದಿದ್ದರೆ ಅದರ ಸ್ಟ್ಯಾಂಡಿನ ಕಾಲು ಬಿಚ್ಚುವಷ್ಟರಲ್ಲೇ ಐದು ನಿಮಿಷ ಮುಗಿದಿರುತ್ತಿತ್ತು.

ಇನ್ನು ಫೋನ್. ಇದರ ಜೊತೆ ನನಗೆ ಜಗಳವೂ ಇದೆ, ಪ್ರೀತಿಯೂ ಇದೆ. ಸ್ಟೆಲೇರಿಯಮ್ ಅನ್ನುವ ಆ್ಯಪ್ ತೆರೆದು ಆಕಾಶದ ಕಡೆ ಹಿಡಿದರೆ ಹೆಸರು ತೋರಿಸುತ್ತದೆ. ಆದರೆ ಫೋನಿನ ದಿಕ್ಸೂಚಿ ಕಬ್ಬಿಣದ ಹತ್ತಿರ ಕೆಡುತ್ತದೆ. ನಮ್ಮ ನೀರಿನ ಟ್ಯಾಂಕ್ ನಿಂತಿರುವುದೇ ಕಬ್ಬಿಣದ ಸ್ಟ್ಯಾಂಡ್ ಮೇಲೆ. ಒಮ್ಮೆ ಅದು ಗುರುಗ್ರಹವನ್ನು ಪಕ್ಕದ ಮನೆ ಡಿಶ್ ಆಂಟೆನಾ ಮೇಲೆ ಕೂರಿಸಿತ್ತು! ಟ್ಯಾಂಕಿನಿಂದ ದೂರ ಬಂದು ಫೋನನ್ನು ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕು ಸಲ ಆಡಿಸಿದ ಮೇಲೆ ಸರಿಹೋಯಿತು.

ಎರಡನೆಯ ಆ್ಯಪ್ ಹೆವೆನ್ಸ್-ಅಬವ್, ಅದರ ವೆಬ್‌ಸೈಟೂ ಇದೆ. ಚೆಂದ ಇಲ್ಲ, ಬರೀ ಪಟ್ಟಿ. ಆದರೆ ನನ್ನ ಮಟ್ಟಿಗೆ ಅದೇ ಗುರು. ಯಾವ ಉಪಗ್ರಹ ಎಷ್ಟು ಹೊತ್ತಿಗೆ ಯಾವ ದಿಕ್ಕಿನಲ್ಲಿ ಏಳುತ್ತದೆ, ಎಷ್ಟು ಎತ್ತರಕ್ಕೆ ಹೋಗುತ್ತದೆ, ಎಲ್ಲಿ ಮಾಯವಾಗುತ್ತದೆ, ಎಲ್ಲ ಇರುತ್ತದೆ. ಮೊದಲ ದಿನ ವೆಬ್‌ಸೈಟಿನಲ್ಲಿ ಊರಿನ ಜಾಗ ಹಾಕುವುದನ್ನೇ ಮರೆತಿದ್ದೆ. ಅದು ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶಕ್ಕೆ ಲೆಕ್ಕ ಹಾಕಿತ್ತು. ಅದು ಆಫ್ರಿಕಾದ ಪಕ್ಕದ ಸಮುದ್ರ. ಅಲ್ಲಿನ ಉಪಗ್ರಹಕ್ಕೆ ಇಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಅರ್ಧ ಗಂಟೆ ಕಾದೆ.

ಜಾಗ ಸರಿಮಾಡಿದ ಮೇಲೆ ಬಟ್ಟೆ ತೆಗೆಯುವ ದಿನದ ಗುಟ್ಟು ಬಯಲಾಯಿತು. ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಓಡುತ್ತದೆ. ಅದಕ್ಕೆ ಸ್ವಂತ ಬೆಳಕಿಲ್ಲ, ನಮಗೆ ಕಾಣುವುದು ಅದರ ಮೇಲೆ ಬಿದ್ದ ಬಿಸಿಲು. ಭೂಮಿಯ ನೆರಳಿಗೆ ಹೊಕ್ಕ ಕೂಡಲೇ ಮಾಯ. ಸಾಲಾಗಿ ರೈಲಿನ ಹಾಗೆ ಹೋಗುವ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳ ಹೊತ್ತೂ ಅಲ್ಲೇ ಸಿಗುತ್ತದೆ.

ಮೂರನೆಯದು ಫ್ಲೈಟ್‌ರಾಡಾರ್24, ಹಾರುತ್ತಿರುವ ವಿಮಾನಗಳನ್ನು ನಕ್ಷೆಯಲ್ಲಿ ತೋರಿಸುವ ಆ್ಯಪ್. ನಮ್ಮ ಕಡೆಯವರಿಗೆ ಬೇಕೇ ಬೇಕು. ದೇವನಹಳ್ಳಿಗೆ ಇಳಿಯುವ ವಿಮಾನ ನೇರ ನಮ್ಮ ಕಡೆಗೇ ಬರುತ್ತಿದ್ದರೆ ದೀಪ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ನನ್ನ ಅರ್ಧಕ್ಕರ್ಧ ವಿಚಿತ್ರಗಳು ಇವೇ ಆಗಿದ್ದವು. ಯುದ್ಧವಿಮಾನಗಳು ಮಾತ್ರ ಇದರಲ್ಲಿ ಹೆಚ್ಚಾಗಿ ಸಿಗುವುದಿಲ್ಲ.

ಆದರೂ ಆ್ಯಪ್‌ಗೆ ಪ್ರಶ್ನೆ ಕೇಳಲು ಬೇಕಾದ್ದೆಲ್ಲ ಕೊಡುವುದು ಬರಿಗಣ್ಣು ಮತ್ತು ಕೈಗಡಿಯಾರ. ಒಂದೆರಡು ಸೆಕೆಂಡಿನಲ್ಲಿ ಮುಗಿದರೆ ಉಲ್ಕೆ. ನಾಲ್ಕೈದು ನಿಮಿಷ ಒಂದೇ ಸಮನೆ ಸಾಗಿದರೆ ಉಪಗ್ರಹ. ಕೆಂಪು, ಹಸಿರು ಮಿನುಗಿದರೆ ವಿಮಾನ. ನಿಧಾನವಾಗಿ, ಉರಿದು ಚೂರಾಗುತ್ತಾ ಹೋದರೆ ರಾಕೆಟ್ಟಿನ ಅವಶೇಷ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದವರು ಅಂಥದ್ದನ್ನೇ ನೋಡಿದರು.

ಕಣ್ಣು ಮಾತ್ರವೇ ಗೆದ್ದ ದಿನ 2021ರ ಮೇ 24. ಲಾಕ್‌ಡೌನ್ ಇತ್ತು. ಬೆಂಗಳೂರಿನಲ್ಲಿ ಸೂರ್ಯನ ಸುತ್ತ ದೊಡ್ಡ ಬಳೆ. ತೆಂಗಿನ ಗರಿಯ ಹಿಂದೆ ಸೂರ್ಯನನ್ನು ಮರೆಮಾಡಿ ನೋಡಿದೆ. ಎತ್ತರದ ತೆಳು ಮೋಡದಲ್ಲಿರುವ ಆರು ಮೂಲೆಯ ಮಂಜುಗಡ್ಡೆ ಹರಳುಗಳು ಬೆಳಕನ್ನು ಬಾಗಿಸುವುದರಿಂದ 22 ಡಿಗ್ರಿ ದೂರದಲ್ಲಿ ಈ ಬಳೆ ಮೂಡುತ್ತದೆ. ಕೈ ಚಾಚಿ ಗೇಣು ಹಿಡಿದೆ. ಹೆಬ್ಬೆರಳು ಸೂರ್ಯನ ಮೇಲೆ, ಕಿರುಬೆರಳು ಸರಿಯಾಗಿ ಬಳೆಯ ಮೇಲೆ.

ಹೊಸಬರು ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲು ಹೆವೆನ್ಸ್-ಅಬವ್, ಆರು ತಿಂಗಳ ನಂತರವೂ ಹುಚ್ಚು ಇಳಿಯದಿದ್ದರೆ ಬೈನಾಕ್ಯುಲರ್. ನಾಲ್ಕೂ ಸೋತದ್ದು ಒಂದೇ ಸಲ. ಕಳೆದ ಚಳಿಗಾಲದ ಒಂದು ರಾತ್ರಿ 9.22ಕ್ಕೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಎಡಕ್ಕೆ ಪಳಕ್ ಅಂತ ಒಂದು ಮಿಂಚು, ಅದೂ ಒಂದೇ ಜಾಗದಲ್ಲಿ. ಇಪ್ಪತ್ತು ನಿಮಿಷ ಕಾದೆ, ಮತ್ತೆ ಬರಲಿಲ್ಲ. ಯಾವ ಪಟ್ಟಿಯಲ್ಲೂ ಅದು ಸಿಗಲಿಲ್ಲ. ಅಮ್ಮನಿಗೆ ಹೇಳಿದೆ. ಈ ಸಲ ವಿಮಾನ ಅನ್ನಲಿಲ್ಲ, ಚಾದರ ಹೊದ್ದು ತಾವೂ ತಾರಸಿಗೆ ಬಂದರು.