ಎನ್‌ಬಿಡಿಯೋ ಯುಬಿಎಲ್‌ಕೆಯೋ: ಡ್ರೈವರ್ ಸತ್ತಾಗ ಗೊತ್ತಾಗುತ್ತದೆ

ಡಿಸ್ಕಿನ ಓದು-ಬರಹ ನಡೆಸುವ ಪ್ರೋಗ್ರಾಂ ಅಂದರೆ ಬ್ಲಾಕ್ ಡ್ರೈವರ್. ಅದನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಬರೆದರೆ ಒಂದು ತಪ್ಪು ಪಾಯಿಂಟರ್ ಸಾಕು, ಇಡೀ ಮಷೀನೇ ಕೂತುಬಿಡುತ್ತದೆ. ಅದಕ್ಕೇ ಡೇಟಾ ಕುಗ್ಗಿಸಿ ಇಡುವ ನನ್ನ ಸಣ್ಣ ಡ್ರೈವರನ್ನು ಕರ್ನಲ್ ಹೊರಗೆ, ಸಾಮಾನ್ಯ ಪ್ರೋಗ್ರಾಂಗಳು ಓಡುವ ಯೂಸರ್ ಸ್ಪೇಸ್‌ನಲ್ಲೇ ಎರಡು ಸಲ ಬರೆದೆ: ಒಮ್ಮೆ ಎನ್‌ಬಿಡಿ ಮೇಲೆ, ಒಮ್ಮೆ ಯುಬಿಎಲ್‌ಕೆ ಮೇಲೆ. ಎರಡೂ ಡಿಸ್ಕಿನ ಕೋರಿಕೆಗಳನ್ನು ಕರ್ನಲ್‌ನಿಂದ ಹೊರಗಿನ ಪ್ರೋಗ್ರಾಮಿಗೆ ದಾಟಿಸುವ ಲಿನಕ್ಸ್ ಸೌಲಭ್ಯಗಳು. ಕಲಬುರಗಿಯ ಮೇ ತಿಂಗಳ ಬಿಸಿಲು, ಫ್ಯಾನ್ ಕೆಳಗೆ ಹಳೇ ಲ್ಯಾಪ್‌ಟಾಪ್, ಪಕ್ಕದಲ್ಲಿ ಇಂಜಿನಿಯರಿಂಗ್ ಓದುವ ತಮ್ಮ.

ಎನ್‌ಬಿಡಿ (ನೆಟ್‌ವರ್ಕ್ ಬ್ಲಾಕ್ ಡಿವೈಸ್) ತೊಂಬತ್ತರ ದಶಕದ್ದು, ನೆಟ್‌ವರ್ಕ್ ಆಚೆಗಿನ ಡಿಸ್ಕಿಗಾಗಿ ಮಾಡಿದ್ದು. ಕರ್ನಲ್‌ನ ಪ್ರತಿ ಕೋರಿಕೆಯೂ 28 ಬೈಟ್ ಹೆಡರ್ ಹೊತ್ತು ಸಾಕೆಟ್‌ನಲ್ಲಿ ಬರುತ್ತದೆ, ನಾವು 16 ಬೈಟ್ ಹೆಡರಿನ ಉತ್ತರ ಕೊಡಬೇಕು. ಒಂದೇ ಸಂಜೆಯಲ್ಲಿ ಓಡಿತು.

ಯುಬಿಎಲ್‌ಕೆ 2022ರಲ್ಲಿ ಲಿನಕ್ಸ್ 6.0 ಜೊತೆ ಬಂತು. ಇದು ನಿಂತಿರುವುದು ಐಒ-ಯೂರಿಂಗ್ ಮೇಲೆ, ಅಂದರೆ ಪ್ರೋಗ್ರಾಂ ಮತ್ತು ಕರ್ನಲ್ ಹಂಚಿಕೊಂಡ ಸರದಿಗಳ ಮೂಲಕ ಕೆಲಸ ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆಯ ಮೇಲೆ. ಡ್ರೈವರ್ ಮೊದಲೇ 'ಕೆಲಸ ಬಂದರೆ ಕೊಡು' ಅಂತ ಕಮಾಂಡ್ ಹಾಕಿ ಕಾಯುತ್ತದೆ. ಕೋರಿಕೆ ಬಂದಾಗ ಆ ಕಮಾಂಡ್ ಮುಗಿಯುತ್ತದೆ. ಆಮೇಲೆ ಮುಗಿಸಿದ ಕೆಲಸ ಒಪ್ಪಿಸುವುದು, ಮುಂದಿನದನ್ನು ಕೇಳುವುದು ಎರಡೂ ಒಂದೇ ಕಮಾಂಡಿನಲ್ಲಿ. ಎಷ್ಟು ಚೆಂದದ ವಿನ್ಯಾಸ ಅಲ್ವಾ! ಆದರೆ ಅರ್ಥವಾಗಲು ನನಗೆ ನಾಲ್ಕು ದಿನ ಹಿಡಿಯಿತು.

ವೇಗದ ಮಾತು ಬಿಡಿ. ನನಗೆ ಬೇಕಿದ್ದದ್ದು ಡ್ರೈವರ್ ಸತ್ತರೆ ಏನಾಗುತ್ತದೆ ಅನ್ನುವುದು. ದೊಡ್ಡ ಫೈಲ್ ಅರ್ಧ ಕಾಪಿ ಆಗಿರುವಾಗ 'ಕಿಲ್ -9' ಕೊಟ್ಟು ಡ್ರೈವರನ್ನು ತಟ್ಟನೆ ಕೊಂದೆ. ಎನ್‌ಬಿಡಿಯಲ್ಲಿ ಡಿಮೆಸೇಜ್ (ಕರ್ನಲ್‌ನ ಸಂದೇಶಗಳ ಪಟ್ಟಿ) ತುಂಬಾ ಐಒ ಎರರ್, ಡಿಸ್ಕಿನ ಮೇಲಿದ್ದ ಇಎಕ್ಸ್‌ಟಿ4 ಫೈಲ್ ಸಿಸ್ಟಂ ರೀಡ್-ಓನ್ಲಿ ಆಯಿತು. "ಅಣ್ಣಾ, ಎಲ್ಲಾ ಹೋಯ್ತೇನು?" ಅಂದ ತಮ್ಮ. ಎನ್‌ಬಿಡಿಗೂ ಮತ್ತೆ ಕನೆಕ್ಟ್ ಆಗುವ ದಾರಿ ಇದೆ, ಆದರೆ ಅದನ್ನು ಮೊದಲೇ ಹೊಂದಿಸಿಕೊಳ್ಳಬೇಕು. ನಾನು ಹೊಂದಿಸಿರಲಿಲ್ಲ.

ಯುಬಿಎಲ್‌ಕೆಯಲ್ಲಿ ರಿಕವರಿ ಫ್ಲ್ಯಾಗ್ ಹಾಕಿದ್ದೆ. ಡ್ರೈವರ್ ಸತ್ತಿತು, ಕಾಪಿ ಸುಮ್ನೆ ನಿಂತಿತು. ಒಂದೂ ಎರರ್ ಇಲ್ಲ. ಡ್ರೈವರನ್ನು ಮತ್ತೆ ಎಬ್ಬಿಸಿ ರಿಕವರ್ ಕಮಾಂಡ್ ಕೊಟ್ಟೆ. ಕರ್ಸರ್ ಮಿನುಗುತ್ತಲೇ ಇತ್ತು, ಕಾಪಿ ನಿಂತಲ್ಲಿಂದ ಮುಂದುವರಿಯಿತು. ಎರಡೂ ಫೈಲುಗಳ ಎಂಡಿ5 (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿದಾಗ ಸರಿಯಾಗಿತ್ತು. ನನಗೆ ಖುಷಿಯಿಂದ ಮಾತೇ ಬರಲಿಲ್ಲ. ಒಂದು ಎಚ್ಚರ: ಅರ್ಧಕ್ಕೆ ನಿಂತ ಕೋರಿಕೆಗಳನ್ನು ಮತ್ತೆ ಕಳಿಸುವುದು ಬೇರೆ ಫ್ಲ್ಯಾಗ್, ಅದನ್ನೂ ನಾನು ಹಾಕಿದ್ದೆ. ಒಂದೇ ಬ್ಲಾಕನ್ನು ಎರಡು ಸಲ ಬರೆದರೂ ಕೆಡದ ಡ್ರೈವರಿಗೆ ಮಾತ್ರ ಅದನ್ನು ಹಾಕಬೇಕು.

ಹಾಗಾಗಿ ಡಿಸ್ಕ್ ಇದೇ ಮಷೀನಿನಲ್ಲಿದ್ದರೆ ನನ್ನ ಆಯ್ಕೆ ಯುಬಿಎಲ್‌ಕೆ. ಬೇರೆ ಮಷೀನಿನಲ್ಲಿದ್ದರೆ ಈಗಲೂ ಎನ್‌ಬಿಡಿಯೇ.

ಎರಡರಲ್ಲೂ ಒಂದು ಕಾಟ ಇದೆ. ಮೆಮೊರಿ ತುಂಬಿದಾಗ ಕರ್ನಲ್ ಡಿಸ್ಕಿಗೆ ಇನ್ನೂ ಬರೆಯದೆ ಉಳಿದ ಮೆಮೊರಿ ಪುಟಗಳನ್ನು ನಮ್ಮ ಡಿಸ್ಕಿಗೇ ಬರೆಯಲು ಹೊರಡುತ್ತದೆ. ಬರೆಯಬೇಕಾದ ಡ್ರೈವರ್ ತಾನೇ ಮೆಮೊರಿಗೆ ಕಾಯುತ್ತಾ ಕೂತಿರುತ್ತದೆ. ಇಬ್ಬರೂ ಅಲುಗಾಡುವುದಿಲ್ಲ. ಲಿನಕ್ಸ್ 5.6ರಲ್ಲಿ ಬಂದ 'ಐಒ ಫ್ಲಷರ್' ಪಿಆರ್‌ಸಿಟಿಎಲ್ (ಪ್ರೋಗ್ರಾಂ ತನ್ನ ಬಗ್ಗೆ ಕರ್ನಲ್‌ಗೆ ಹೇಳುವ ಕರೆ) ಇದಕ್ಕೆಂದೇ ಇದೆ. ಅದು ಈಗ ನನ್ನ ಎರಡೂ ಡ್ರೈವರ್‌ಗಳ ಮೇನ್ ಫಂಕ್ಷನ್‌ನ ಮೊದಲ ಸಾಲು.